ಹುಮನಾಬಾದ್ ರಿಂಗ್ ರಸ್ತೆಯ ಬೈಕ್ ವೈರಿಂಗ್ ಅಂಗಡಿ: ಮೊದಲು ಮೀಟರ್, ಆಮೇಲೆ ರಿಪೇರಿ

ಕಲಬುರಗಿಯ ಹುಮನಾಬಾದ್ ರಿಂಗ್ ರಸ್ತೆಯ ಬದಿಗಿರುವ ಈ ಅಂಗಡಿಯಲ್ಲಿ ದ್ವಿಚಕ್ರ ವಾಹನಗಳ ವೈರಿಂಗ್ ಕೆಲಸವನ್ನಷ್ಟೇ ಮಾಡುತ್ತಾರೆ. ಬೇರೊಂದು ಕಡೆ ಹಾಕಿಸಿದ್ದ ಹೊಸ ಬ್ಯಾಟರಿಯೂ ಕೆಲವೇ ವಾರಗಳಲ್ಲಿ ಇಳಿದು, ಸೆಲ್ಫ್ ಒತ್ತಿದರೆ ರಿಲೇ ಟಕಟಕ ಎನ್ನುವುದನ್ನು ಬಿಟ್ಟರೆ ಎಂಜಿನ್ ಅಲುಗದಂಥ ಸ್ಥಿತಿ ಬಂದಾಗ ನಾನು ಇಲ್ಲಿಗೆ ಹೋದೆ. ಬ್ಯಾಟರಿ ಬದಲಿಸುವ ಮಾತನ್ನೇ ಎತ್ತದೆ ಮೊದಲು ವೋಲ್ಟೇಜ್ ಅಳೆಯುವ ಮೀಟರ್ ಕೈಗೆತ್ತಿಕೊಂಡ ಮಿಸ್ತ್ರಿಯ ಕೆಲಸದ ಕ್ರಮ ನನಗೆ ಬಹಳ ಮೆಚ್ಚುಗೆಯಾಯಿತು.

ಇಳಿದ ಬ್ಯಾಟರಿ ಇಟ್ಟುಕೊಂಡು ಅಳೆದರೆ ಲೆಕ್ಕ ತಪ್ಪುತ್ತದೆಂದು ಅವರು ಅದನ್ನು ಪೂರ್ತಿ ಚಾರ್ಜ್ ಮಾಡಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು ನೋಡಿದರು: 12.7 ವೋಲ್ಟ್. ಸೆಲ್ಫ್ ಹೊಡೆದಾಗಲೂ 10ಕ್ಕಿಂತ ಕೆಳಗೆ ಇಳಿಯಲಿಲ್ಲ. ಬ್ಯಾಟರಿಯದು ತಪ್ಪಿಲ್ಲ ಎಂಬುದು ಅಲ್ಲಿಗೆ ಇತ್ಯರ್ಥವಾಯಿತು. ರೇಸ್ ಕೊಟ್ಟಾಗ ಟರ್ಮಿನಲ್‌ನಲ್ಲಿ 14 ವೋಲ್ಟ್ ಆಸುಪಾಸು ಕಾಣಬೇಕಿತ್ತು, ಆದರೆ ಮೀಟರ್ 12.9 ದಾಟಲಿಲ್ಲ. ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಕಾಯಿಲ್ ಪ್ಲೇಟಿನಿಂದ, ಬ್ಯಾಟರಿಗೆ ಹೋಗುವ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್‌ಗೆ ಹೋಗುವ ಮೂರು ಹಳದಿ ವೈರುಗಳ ಕಪ್ಲರ್ (ವೈರು ಜೋಡಿಸುವ ಪ್ಲಗ್) ಬಿಚ್ಚಿದಾಗ ಒಂದು ಪಿನ್ನಿನ ಸುತ್ತಲಿನ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು, ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು. ದೋಷ ಸಿಕ್ಕಿತೆಂದು ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಎಂಜಿನ್ ಓಡಿಸಿ ಹಳದಿ ವೈರುಗಳ ಮೂರೂ ಜೋಡಿಗಳ ಎಸಿ ವೋಲ್ಟೇಜ್ ಒಂದೇ ಸಮ ಬರುತ್ತಿದೆಯೇ ಎಂದು ನೋಡಿದರು. ಎಂಜಿನ್ ನಿಲ್ಲಿಸಿ, ಯಾವ ವೈರಾದರೂ ಗಾಡಿಯ ಲೋಹದ ಚೌಕಟ್ಟಿಗೆ ತಾಗಿ ಅರ್ತ್ ಆಗಿದೆಯೇ ಎಂದೂ ಪರೀಕ್ಷಿಸಿದರು. ಕಾಯಿಲ್ ಚೆನ್ನಾಗಿಯೇ ಇತ್ತು. ಹೊಸ ಕಪ್ಲರ್ ಕೂರಿಸಿದ ಮೇಲೆ 14.2 ವೋಲ್ಟ್ ಬಂತು, ಎಷ್ಟು ರೇಸ್ ಕೊಟ್ಟರೂ 14.5 ದಾಟಲಿಲ್ಲವಾದ್ದರಿಂದ ರೆಗ್ಯುಲೇಟರ್ ಕೂಡ ಸರಿಯಿದೆಯೆಂದು ತಿಳಿಯಿತು. ಕರಗಿದ ಕಪ್ಲರ್ ಕತ್ತರಿಸಿ ವೈರುಗಳನ್ನು ನೇರವಾಗಿ ಬೆಸೆದು ಕಳಿಸುವವರೂ ಇದ್ದಾರೆ. ಮುಂದೆ ಪರೀಕ್ಷೆ ಮಾಡಬೇಕಾದಾಗ ಬಿಚ್ಚಲು ಜಾಗವೇ ಉಳಿಯದ ಆ ರೀತಿ ನನಗೆ ಸರಿ ಕಾಣುವುದಿಲ್ಲ.

ರೆಗ್ಯುಲೇಟರಿನ ರೆಕ್ಕೆಗಳ ಸಂದಿಯಲ್ಲಿ ಒಣಗಿ ಕೂತಿದ್ದ ಎರೆಮಣ್ಣನ್ನೂ ಅವರು ಬ್ರಷ್ ಹಾಕಿ ತೆಗೆದರು. ಹೆಚ್ಚುವರಿ ಕರೆಂಟನ್ನು ಶಾಖವಾಗಿ ಹೊರಹಾಕುವ ಭಾಗ ಅದು, ಬೇಸಿಗೆಯಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಅದಕ್ಕೆ ಗಾಳಿ ತಾಗದಿದ್ದರೆ ಬಾಳಿಕೆ ಬರುವುದಿಲ್ಲ. ಹೆಚ್ಚುವರಿ ಎಲ್‌ಇಡಿ ದೀಪ ಹಾಕಿಸಿದ್ದೀರಾ ಎಂದೂ ವಿಚಾರಿಸಿದರು. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ಹೆಡ್‌ಲೈಟ್ ಎಂಜಿನ್ ಜೊತೆಗೇ ಉರಿಯುವುದರಿಂದ, ಸೂಪರ್ ಮಾರ್ಕೆಟ್‌ನಿಂದ ಜಗತ್ ವೃತ್ತದವರೆಗಿನಂಥ ಸಣ್ಣ ಓಡಾಟದಲ್ಲಿ ಪದೇ ಪದೇ ಸೆಲ್ಫ್ ಹೊಡೆದರೆ ಬ್ಯಾಟರಿಗೆ ತುಂಬಿಕೊಳ್ಳಲು ಸಮಯ ಸಿಗುವುದಿಲ್ಲ ಎಂಬ ಅವರ ಮಾತು ನೆನಪಿಡುವಂಥದ್ದು.

ಕೊರತೆಗಳೂ ಇವೆ. ಕೀ ಆಫ್ ಇರುವಾಗ ಕರೆಂಟ್ ಸೋರುತ್ತಿದೆಯೇ ಎಂಬ ಪರೀಕ್ಷೆಯನ್ನು ನಾನು ಕೇಳಿದ ಮೇಲೆಯೇ ಮಾಡಿದರು. ಸೋರಿಕೆ ಇರಲಿಲ್ಲ, ಆದರೆ ರಾತ್ರೋರಾತ್ರಿ ಬ್ಯಾಟರಿ ಇಳಿಯುವ ಗಾಡಿಗಳಿಗೆ ಅದು ತಪ್ಪದೆ ಆಗಬೇಕಾದ ಕೆಲಸ. ಬಿಲ್ ಕೂಡ ಕೇಳಿಯೇ ಬರೆಸಿಕೊಳ್ಳಬೇಕು. ಒಬ್ಬರೇ ದುಡಿಯುವುದರಿಂದ ಮಧ್ಯಾಹ್ನದ ಮೇಲೆ ಹೋದವರು ಗಾಡಿ ಬಿಟ್ಟು ಬರಬೇಕಾಗಬಹುದು. ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಹೋದರೆ ಎದುರಿಗೇ ನಿಂತು ಪ್ರತಿ ರೀಡಿಂಗ್ ನೋಡಿಕೊಳ್ಳಬಹುದು.