ಕಾಸರಗೋಡಿನ ನೀಟ್ ಕೋಚಿಂಗ್: ರಿಪೀಟರ್ ಬ್ಯಾಚಿನಲ್ಲಿ ಕೂತವಳ ಅಭಿಪ್ರಾಯ

ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟನ್ನು ಮತ್ತೊಮ್ಮೆ ಬರೆಯುವವರ ಬ್ಯಾಚಿನಲ್ಲಿ ನಾನು ಕೂತ, ಹೊಸ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಕೋಚಿಂಗ್ ಸೆಂಟರಿನ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಬೇಡ. ನಮ್ಮ ಪೆರ್ಲ, ಬದಿಯಡ್ಕ ಕಡೆಯ ಹುಡುಗಿಯರು "ಅಕ್ಕಾ, ಸೇರಬಹುದಾ?" ಅಂತ ಕೇಳ್ತಾನೇ ಇದ್ದಾರೆ. ದುಡ್ಡಿದ್ದರೆ ಸೇರಿ. ಮಾರ್ಕು ಖಂಡಿತ ಏರುತ್ತದೆ. ನನ್ನ ಬೇಜಾರು ಇರುವುದೂ ಅಲ್ಲೇ.

ಭಾನುವಾರದ ಟೆಸ್ಟೇ ಇಲ್ಲಿ ಮುಖ್ಯ. ನಿಜವಾದ ನೀಟ್ ಹಾಗೇ 180 ಪ್ರಶ್ನೆ, 720 ಮಾರ್ಕು, 3 ಗಂಟೆ. ಶುರುವಾಗುವುದೂ ಮಧ್ಯಾಹ್ನ 2ಕ್ಕೇ, ಊಟದ ನಿದ್ದೆ ಬರುವ ಹೊತ್ತಿಗೆ ತಲೆ ಓಡಿಸಿ ಅಭ್ಯಾಸವಾಗಲಿ ಅಂತ. ಮೊದಲು ಬಯಾಲಜಿಯ 90, ಕೊನೆಗೆ ಫಿಸಿಕ್ಸ್. ಓಎಂಆರ್ (ಉತ್ತರದ ವೃತ್ತಗಳ) ಹಾಳೆಯಲ್ಲಿ ಒಂದೊಂದೇ ತುಂಬುತ್ತಾ ಕೂರಬಾರದು, ಪುಟ ಮುಗಿದ ಮೇಲೆ ಒಟ್ಟಿಗೆ ತುಂಬಬೇಕು. ಫಿಸಿಕ್ಸ್ ಸರ್ ಲೆಕ್ಕಕ್ಕೆ ಕೈ ಹಾಕುವ ಮೊದಲು ಉತ್ತರಗಳ ಯೂನಿಟ್ ನೋಡಿಸುತ್ತಾರೆ. ಪ್ರಶ್ನೆ ಕೇಳಿದ್ದು ಶಕ್ತಿಯನ್ನು, ಎರಡು ಉತ್ತರಗಳ ಯೂನಿಟ್ ಬಲದ್ದು. ಅವೆರಡನ್ನೂ ಹೊಡೆದು ಹಾಕಿ. ಉಳಿದ ಎರಡರಲ್ಲಿ ಒಂದನ್ನು ಅಂದಾಜಿನಲ್ಲಿ ಹಾಕಿದರೂ ಲಾಭವೇ: ಸರಿಯಾದರೆ 4 ಸಿಗುತ್ತದೆ, ತಪ್ಪಾದರೆ 1 ಹೋಗುತ್ತದೆ. ಸರ್ ಪಾಠ ತುಂಬಾ ಚೆನ್ನಾಗಿದೆ, ಇದನ್ನು ಮನಸಾರೆ ಹೇಳುತ್ತೇನೆ.

ಆದರೆ ಫಿಸಿಕ್ಸ್ ನನಗೆ ಮೊದಲು ಎಷ್ಟು ಬರುತ್ತಿತ್ತೋ ಈಗಲೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಪರೀಕ್ಷೆ ಬರೆಯುವುದು ಬಂತು. ಪ್ಲಸ್ ಟುವಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಪುಸ್ತಕ ನೋಡದೆ ಹೃದಯದ ಚಿತ್ರ ಬರೆದು, ಒಂದೊಂದು ಕವಾಟದ ಕೆಲಸ ನಮಗೆಲ್ಲ ವಿವರಿಸುತ್ತಿದ್ದಳು. ಅವಳ ಅಪ್ಪನಿಗೆ ಈ ಫೀಸು ಕಟ್ಟಲು ಆಗಲಿಲ್ಲ. ಇವತ್ತು ನೀಟ್‌ನಲ್ಲಿ ನಾನು ಅವಳಿಗಿಂತ ಜಾಸ್ತಿ ತೆಗೆಯುತ್ತೇನೆ. ಇದಕ್ಕೆ ಸಾಮರ್ಥ್ಯದ ಪರೀಕ್ಷೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಎಂಜಿನಿಯರಿಂಗಿಗಾದರೆ ಕೇರಳದ ಪ್ರವೇಶ ಪರೀಕ್ಷೆ ಕೀಮ್‌ನಲ್ಲೂ ಕರ್ನಾಟಕದ ಸಿಇಟಿಯಲ್ಲೂ ರ‍್ಯಾಂಕಿಗೆ ಹನ್ನೆರಡನೆಯ ಮಾರ್ಕೂ ಸೇರುತ್ತದೆ. ನೀಟ್‌ನಲ್ಲಿ ಎಲ್ಲಾ ಆ ಒಂದೇ ಮಧ್ಯಾಹ್ನ. ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ತಮಿಳುನಾಡು 2020ರಲ್ಲಿ ವೈದ್ಯಕೀಯ ಸೀಟಿನಲ್ಲಿ 7.5% ಮೀಸಲಿಟ್ಟಿತು. ಅಂಥದ್ದು ಇಲ್ಲೂ ಬರಬೇಕು.

ಇನ್ನು ಭಾಷೆ. ಪಾಠ ಇಂಗ್ಲಿಷಿನಲ್ಲಿ ಶುರುವಾಗಿ ಮಲಯಾಳಕ್ಕೆ ಜಾರುತ್ತದೆ. ಹತ್ತರವರೆಗೆ ಕನ್ನಡ ಮೀಡಿಯಂ ಓದಿದವರು ಡೌಟ್ ಇದ್ದರೂ ಸುಮ್ನೆ ಕೂರುತ್ತಾರೆ. ಕನ್ನಡ ಬರುವ ಒಬ್ಬರನ್ನು ಸಂಜೆ ಡೌಟ್ ಹೇಳಿಕೊಡಲು ಇಡಿ ಅಂತ ಕೇಳಿದೆವು. "ನೋಡೋಣ" ಅಂದರು, ಅಷ್ಟೇ. ಕಾಸರಗೋಡಿನಲ್ಲಿ ನಡೆಸುವ ಸೆಂಟರಿಗೆ ಇದು ದೊಡ್ಡ ಕೆಲಸವಲ್ಲ, ಅಲ್ವಾ? ಇನ್ನೊಂದು ವಿಷಯ ಅಲ್ಲಿ ಯಾರೂ ಹೇಳಲಿಲ್ಲ: ನೀಟ್‌ನ ಕನ್ನಡ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ ಮಾತ್ರ. ಕನ್ನಡದ ಜೊತೆ ಇಂಗ್ಲಿಷೂ ಇರುತ್ತದೆ. ಬೇಕಾದವರು ಅರ್ಜಿ ತುಂಬುವಾಗಲೇ ಮಂಗಳೂರು ಹಾಕಿ.

ಕ್ಲಾಸ್ ರೂಮಿಗೆ ಗಾಳಿ ಕಡಿಮೆ. ಓದುವ ಕೋಣೆ ಚೆನ್ನಾಗಿದೆ.

ಮೊದಲ ಕಂತು ಕಟ್ಟುವ ಮೊದಲು ಒಂದು ಭಾನುವಾರದ ಟೆಸ್ಟಿಗೆ ಕೂರಲು ಕೇಳಿ, ಬಿಡುತ್ತಾರೆ. ಪ್ಲಸ್ ಟು ಮಾರ್ಕ್ ಲಿಸ್ಟ್ ತೋರಿಸಿದರೆ ಫೀಸಿನಲ್ಲೂ ಸ್ವಲ್ಪ ಬಿಡುತ್ತಾರೆ. ಅವರಾಗಿ ಹೇಳುವುದಿಲ್ಲ, ಬಾಯಿ ಬಿಟ್ಟು ಕೇಳಬೇಕು.