‘ಲಾಸೂಟ್ ಗಿಟಾರ್’ ಅಂತ ಯಾರಾದರೂ ಮಾರಲು ಬಂದರೆ ದುಡ್ಡು ಕೊಡುವ ಮೊದಲು ಇದನ್ನು ಓದಿ

ಹಳೇ ಜಪಾನಿ ಗಿಟಾರ್ ಹುಡುಕುತ್ತಿರುವವರು ದಯವಿಟ್ಟು ಗಮನಿಸಿ. ‘ಲಾಸೂಟ್’ ಅಂದರೆ ದಾವೆ; ಅಮೆರಿಕದ ಗಿಬ್ಸನ್ ಕಂಪನಿಯ ಲೆಸ್ ಪಾಲ್‌ನಂಥ ಮಾಡೆಲ್ ಕಾಪಿ ಮಾಡಿ ಕೇಸು ಹಾಕಿಸಿಕೊಂಡದ್ದು ಅಂತ ಹಳೇ ಜಪಾನಿ ಗಿಟಾರುಗಳನ್ನು ಹಾಗೆ ಕರೆಯುತ್ತಾರೆ. ‘ಲಾಸೂಟ್ ಪೀಸ್ ಸರ್, ಲೆಸ್ ಪಾಲ್ ಬಾಡಿ ಕಾಪಿ ಹೊಡೆದಿದ್ದಕ್ಕೆ ಕೋರ್ಟ್ ಬ್ಯಾನ್ ಮಾಡಿತ್ತು, ಅದಕ್ಕೇ ರೇರ್’ ಅಂತ ಹೇಳಿ ಒಬ್ಬ ಮಾರಾಟಗಾರ ನನ್ನಿಂದ ₹25,000 ಹೆಚ್ಚಿಗೆ ಕಿತ್ತ. ಬ್ಯಾನ್ ಅನ್ನೋದೇ ಸುಳ್ಳು. ಶುದ್ಧ ಸುಳ್ಳು.

ದಾವೆ ನಡೆದದ್ದು ನಿಜ. 1977ರ ಜೂನ್ 28ರಂದು ಗಿಬ್ಸನ್‌ನ ಆಗಿನ ಒಡೆತನದ ಕಂಪನಿ ನಾರ್ಲಿನ್, ಅಮೆರಿಕದಲ್ಲಿ ಜಪಾನಿ ಬ್ರ್ಯಾಂಡ್ ಐಬಾನೆಜ್‌ನ ಗಿಟಾರ್ ತರಿಸಿ ಮಾರುತ್ತಿದ್ದ ಎಲ್ಗರ್ ಕಂಪನಿ ಮೇಲೆ ಫಿಲಡೆಲ್ಫಿಯಾದ ಫೆಡರಲ್ ಕೋರ್ಟಿನಲ್ಲಿ ಹೂಡಿತು. ಆದರೆ ತಕರಾರು ಬಾಡಿಯದ್ದಲ್ಲ, ಹೆಡ್‌ಸ್ಟಾಕ್‌ನದ್ದು, ಅಂದರೆ ತಂತಿ ಬಿಗಿಯುವ ಕೀಲಿಗಳಿರುವ ತಲೆಭಾಗದ್ದು: ತೆರೆದ ಪುಸ್ತಕದ ಮೇಲಂಚಿನ ಹಾಗೆ ನಡುವೆ ತಗ್ಗಿರುವ ಆ ತುದಿ. ಅಷ್ಟರಲ್ಲಾಗಲೇ ಐಬಾನೆಜ್ ಅದನ್ನು ಬದಲಿಸಿತ್ತು. ತೀರ್ಪೂ ಬರಲಿಲ್ಲ, ರಾಜಿಯಾಯಿತು. ಇನ್ನುಳಿದ ಜಪಾನಿ ಬ್ರ್ಯಾಂಡುಗಳು ಈ ದಾವೆಯಲ್ಲಿ ಇರಲೇ ಇಲ್ಲ.

ನಾನು ಕೊಂಡ ಐಬಾನೆಜ್ ಕೈಗೆ ಬಂದ ಮೇಲೆ ಸೀರಿಯಲ್ ನಂಬರ್ ನೋಡಿದರೆ ‘ಜಿ78’ ಅಂತ ಶುರು. ಆ ಕಾಲದ ಐಬಾನೆಜ್‌ನಲ್ಲಿ ಮೊದಲ ಅಕ್ಷರ ತಿಂಗಳು, ‘ಎ’ ಅಂದರೆ ಜನವರಿ, ‘ಎಲ್’ ಅಂದರೆ ಡಿಸೆಂಬರ್. ಮುಂದಿನ ಎರಡು ಅಂಕಿ ಇಸವಿ. ಅಂದರೆ 1978ರ ಜುಲೈ. ದಾವೆ ಹೂಡಿ ವರ್ಷ ಕಳೆದ ಮೇಲೆ ತಯಾರಾದದ್ದು! ಹೆಡ್‌ಸ್ಟಾಕ್‌ನಲ್ಲಿ ಆ ತಗ್ಗೂ ಇಲ್ಲ, ಐಬಾನೆಜ್‌ದೇ ಸ್ವಂತ ಆಕಾರ.

ಕೇಳಿದ್ದಕ್ಕೆ ಬಂದ ಉತ್ತರ: ‘ಎಲ್ರೂ ಹಾಗೇ ಕರೀತಾರೆ ಸರ್.’ ಆಮೇಲೆ: ‘ಬಾಡಿ ನೋಡಿ ಸರ್, ಅದೇ ಶೇಪ್ ಅಲ್ವಾ? ಈ ಶೇಪ್ ಬೇರೆಯವ್ರು ಮಾಡೋ ಹಾಗೇ ಇಲ್ಲ.’ ಮಾಡೋ ಹಾಗೇ ಇಲ್ವಂತೆ! ಒಂಟಿ ಕಟ್‌ಅವೇ ಬಾಡಿ (ಕುತ್ತಿಗೆಯ, ಅಂದರೆ ನೆಕ್ಕಿನ, ಒಂದೇ ಬದಿಯಲ್ಲಿ ಕತ್ತರಿಸಿದ ಲೆಸ್ ಪಾಲ್‌ನಂಥ ಆಕಾರ) ವಿಚಾರವಾಗಿ ಗಿಬ್ಸನ್ ಇನ್ನೊಂದು ಗಿಟಾರ್ ಕಂಪನಿ ಪಿಆರ್‌ಎಸ್ ಮೇಲೆ ಹಾಕಿದ ಕೇಸು 2005ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟಿನಲ್ಲಿ ಬಿದ್ದುಹೋಯಿತು. 2009ರಲ್ಲಿ ಗಿಬ್ಸನ್‌ನ ಪ್ರತಿಸ್ಪರ್ಧಿ ಕಂಪನಿ ಫೆಂಡರ್‌ಗೆ ತನ್ನ ಸ್ಟ್ರಾಟ್, ಟೆಲಿ, ಪ್ರಿಸಿಷನ್ ಬಾಸ್ ಮಾಡೆಲ್‌ಗಳ ಬಾಡಿಗಳ ಟ್ರೇಡ್‌ಮಾರ್ಕ್ ನೋಂದಣಿ ಸಿಗಲಿಲ್ಲ, ದಶಕಗಳಿಂದ ಎಲ್ಲರೂ ಮಾಡುತ್ತಿರುವ ಆಕಾರ ಅಂತ. ಹೆಡ್‌ಸ್ಟಾಕ್ ಮಾತ್ರ ಫೆಂಡರ್‌ನದೇ. ಬಿಡಿ ನೆಕ್ಕುಗಳ ಮೇಲೆ ಫೆಂಡರ್ ಲೈಸೆನ್ಸ್ ಮುದ್ರೆ ಕಾಣೋದು ಅದಕ್ಕೇ. 2019ರಲ್ಲಿ ಯುರೋಪಿನಲ್ಲೂ ಗಿಬ್ಸನ್‌ನ ಫ್ಲೈಯಿಂಗ್ ವಿ ಆಕಾರದ ಟ್ರೇಡ್‌ಮಾರ್ಕ್ ನಿಲ್ಲಲಿಲ್ಲ.

ಹಾಗಂತ ಎಲ್ಲವೂ ಮುಕ್ತ ಅಂತಲ್ಲ. ಅಮೆರಿಕದಲ್ಲಿ ಗಿಬ್ಸನ್‌ನ ಕೆಲವು ಬಾಡಿಗಳಿಗೆ ನೋಂದಣಿ ಇದೆ. ಡೀನ್ ಅನ್ನೋ ಗಿಟಾರ್ ಬ್ರ್ಯಾಂಡಿನ ಮೇಲಿನ ಕೇಸಿನಲ್ಲಿ 2022ರಲ್ಲಿ ಜ್ಯೂರಿ ಗಿಬ್ಸನ್ ಕಡೆ ನಿಂತಿತು, 2024ರಲ್ಲಿ ಮೇಲ್ಮನವಿ ಕೋರ್ಟು ಮರುವಿಚಾರಣೆಗೆ ಕಳಿಸಿತು. ಆದರೆ ಅದು ತಯಾರಕರ ಜಗಳ. ಸೆಕೆಂಡ್ ಹ್ಯಾಂಡ್ ಗಿಟಾರಿನ ಬೆಲೆಗೂ ಅದಕ್ಕೂ ಏನು ಸಂಬಂಧ?

ಇದೆಲ್ಲ ಬರೆದು ಕಳಿಸಿದ್ದಕ್ಕೆ, ‘ಬೇಡ ಅಂದ್ರೆ ವಾಪಸ್ ಕಳ್ಸಿ, 20% ಕಟ್, ಕೊರಿಯರ್ ನಿಮ್ದೇ.’ ಆಮೇಲೆ ಬರೀ ಬ್ಲೂ ಟಿಕ್.

ಟೋಕನ್ ಕೊಡುವ ಮೊದಲೇ ಹೆಡ್‌ಸ್ಟಾಕ್ ಮುಂದೆ-ಹಿಂದೆ, ಸೀರಿಯಲ್, ನೆಕ್ ಜೋಡಣೆ, ಇಷ್ಟರ ಫೋಟೊ ಕೇಳಿ. ನೆಕ್ ಬೋಲ್ಟ್ ಹಾಕಿದ್ದೋ ಅಂಟಿಸಿದ್ದೋ, ಫ್ರೆಟ್ (ನೆಕ್ ಮೇಲಿನ ಲೋಹದ ಪಟ್ಟಿ) ಎಷ್ಟು ಸವೆದಿದೆ ಅನ್ನೋದಕ್ಕೆ ದುಡ್ಡು ಕೊಡಿ, ಹಣೆಪಟ್ಟಿಗಲ್ಲ. ಇದೇ ಮನುಷ್ಯ ಈಗ ಇನ್ನೊಂದು ‘ಲಾಸೂಟ್ ಪೀಸ್’ ಮಾರಾಟಕ್ಕಿಟ್ಟಿದ್ದಾನೆ. ಅದು ಸ್ಟ್ರಾಟ್ ಆಕಾರದ್ದು. ಗಿಬ್ಸನ್‌ನದೂ ಅಲ್ಲ!