ಮೂರು ವಖಾರಿ, ಮೂರು ಡೇಟಾಬೇಸ್, ಒಂದು ಮಳೆಗಾಲ

ನಾನು ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವ ಅಡಿಕೆ ವ್ಯಾಪಾರಿಯೊಬ್ಬರಿಗೆ ಶಿರಸಿ, ಯಲ್ಲಾಪುರ, ಕುಮಟಾ ಮೂರೂ ಕಡೆ ವಖಾರಿ ಇದೆ. ದೇವಿಮನೆ ಘಟ್ಟದಲ್ಲಿ ಮರ ಬಿತ್ತು ಅಂದರೆ ಕುಮಟಾದ ಇಂಟರ್ನೆಟ್ ಲೈನ್ ಹೋಯಿತು ಅಂತಲೇ ಲೆಕ್ಕ. ಹಾಗಂತ ತೂಕ ನಿಲ್ಲುತ್ತದಾ? ಇಲ್ಲ. ಅದಕ್ಕೆ ಜೂನ್‌ನಿಂದ ತಿಂಗಳಿಗೊಂದರಂತೆ ಮೂರು ಡೇಟಾಬೇಸ್ ಹಾಕಿ ನೋಡಿದೆ. ಅಸಲಿ ಲೆಕ್ಕ ಪುಸ್ತಕದಲ್ಲೇ ಇತ್ತು, ಹಾಗಾಗಿ ಧೈರ್ಯ.

ಮೊದಲು ಪೋಸ್ಟ್‌ಗ್ರೆಸ್. ಶಿರಸಿಯದ್ದು ಮುಖ್ಯ, ಉಳಿದೆರಡು ಅದರ ನಕಲು. ಬರೆಯುವುದೇನಿದ್ದರೂ ಶಿರಸಿಗೇ ಹೋಗಬೇಕು. ಸುಮ್ನೆ ಹಾಕಿದರೆ ಇದರ ರೆಪ್ಲಿಕೇಶನ್ (ನಕಲು ಕಳಿಸುವ ಕೆಲಸ) ಅಸಿಂಕ್ರೋನಸ್: ನಕಲಿಗೆ ತಲುಪಿತಾ ಎಂದು ಕಾಯುವುದಿಲ್ಲ. ಶಿರಸಿಯಲ್ಲಿ ಆಗಲೇ ಮಾರಿದ ಚಾಲಿ ಅಡಿಕೆ ಕುಮಟಾದ ಪರದೆಯಲ್ಲಿ ಇನ್ನೂ ಕೂತಿರುತ್ತಿತ್ತು. ಸಿಂಕ್ರೋನಸ್ ಮಾಡಿ, ಅಂದರೆ ನಕಲು ಉತ್ತರಿಸುವವರೆಗೆ ಕಾಯುವ ಹಾಗೆ ಮಾಡಿ, ಕಾಯಬೇಕಾದ ನಕಲು ಎಂದು ಕುಮಟಾದ ಹೆಸರೊಂದನ್ನೇ ಕೊಟ್ಟೆ. ಮರ ಬಿದ್ದ ದಿನ ಶಿರಸಿಯಲ್ಲೇ ಬಿಲ್ ನಿಂತಿತು! ಎರಡರಲ್ಲಿ ಯಾವುದಾದರೂ ಒಂದು ಉತ್ತರಿಸಿದರೆ ಸಾಕು ಎನ್ನುವ ಸೌಲಭ್ಯ 10ನೇ ಆವೃತ್ತಿಯಿಂದ ಇದೆ. ಅದನ್ನು ಹಾಕಿದ ಮೇಲೆ ಶಿರಸಿ ನಡೆಯಿತು. ಲೈನ್ ಹೋದಾಗ ಕುಮಟಾದವರಿಗೆ ಮಾತ್ರ ಓದುವುದಷ್ಟೇ ಭಾಗ್ಯ.

ಜುಲೈನಲ್ಲಿ ಕಸಾಂಡ್ರಾ. ಇಲ್ಲಿ ಮುಖ್ಯ, ನಕಲು ಎಂಬುದೇ ಇಲ್ಲ, ಮೂರೂ ಸಮ. ಮೂರು ಪ್ರತಿಗಳಲ್ಲಿ ಎರಡು ಒಪ್ಪಬೇಕು ಅಂದರೆ ಕೋರಂ. ಕೋರಂ ಇಟ್ಟರೆ ಒಂಟಿಯಾದ ಕುಮಟಾದಲ್ಲಿ ಬಿಲ್ ಇಲ್ಲ, ಅದೇ ಹಳೇ ಕತೆ. 'ಒಂದು ಸಾಕು' ಅಂದರೆ ಎಲ್ಲಾ ನಡೆಯುತ್ತದೆ. ಮಜಾ ಶುರುವಾಗಿದ್ದು ಅಲ್ಲಿಂದ.

ಯಲ್ಲಾಪುರದ ಕಂಪ್ಯೂಟರಿನ ಒಳಗಿನ ಸೆಲ್ ಸತ್ತಿತ್ತು. ಕರೆಂಟ್ ಹೋಗಿ ಬಂದಾಗ ಗುಮಾಸ್ತರು ಗೋಡೆ ಗಡಿಯಾರ ನೋಡಿ ಟೈಮ್ ಹಾಕಿದ್ದರು. ಗಡಿಯಾರ 7 ನಿಮಿಷ ಮುಂದೆ. ಅಲ್ಲಿಂದ ಅವರು ರಾಶಿ ಅಡಿಕೆ 42 ಚೀಲ ಎಂದು ಬರೆದರು. ಮೂರು ನಿಮಿಷ ಬಿಟ್ಟು ಶಿರಸಿಯವರು ಎಣಿಸಿ 24 ಎಂದು ತಿದ್ದಿದರು. ಲೈನ್ ಬಂದ ಮೇಲೆ ನೋಡಿದರೆ ಮೂರೂ ಕಡೆ 42! ಕಸಾಂಡ್ರಾಕ್ಕೆ ಯಾರ ಟೈಮ್ ಮುಂದಿದೆಯೋ ಅವರು ಬರೆದದ್ದೇ ಸರಿ. ದೋಷದ ಒಂದು ಸಾಲೂ ಲಾಗ್‌ನಲ್ಲಿಲ್ಲ. ಇನ್ನೊಂದು: ಬಿದ್ದುಹೋದ ನೋಡ್‌ಗೆ, ಅಂದರೆ ಸಂಪರ್ಕ ತಪ್ಪಿದ ಕಂಪ್ಯೂಟರಿಗೆ, ಬಾಕಿ ಬರಹಗಳನ್ನು ಉಳಿದವರು ತಾವಾಗಿ ಎತ್ತಿಡುವುದು ಸುಮ್ನೆ ಹಾಕಿದರೆ 3 ಗಂಟೆ ಮಾತ್ರ. ನಮ್ಮಲ್ಲಿ ಲೈನ್ ಹೋದರೆ ದಿನಗಟ್ಟಲೆ. ಆಮೇಲೆ ಮೂರೂ ಪ್ರತಿ ಸರಿಹೊಂದಿಸುವ ರಿಪೇರ್ ಕಮಾಂಡ್ ಓಡಿಸುತ್ತಾ ಕೂರಬೇಕು. ದೊಡ್ಡ ಡೇಟಾಸೆಂಟರ್‌ಗೆ ಇದು ಚೆನ್ನ, ಒಪ್ಪುತ್ತೇನೆ. ಮೂರು ವಖಾರಿಗೆ ಜಾಸ್ತಿಯಾಯಿತು.

ಕೊನೆಗೆ ಕೌಚ್‌ಡಿಬಿ. ಇದಕ್ಕೆ ಲೈನ್ ಹೋಗುವುದು ಸಹಜ ಸಂಗತಿ, ಬಂದಾಗ ಕೂಡಿಕೊಳ್ಳುತ್ತದೆ. ಇಬ್ಬರು ಒಂದೇ ದಾಖಲೆ ತಿದ್ದಿದರೆ ಎರಡನ್ನೂ ಇಟ್ಟುಕೊಂಡು, ಎಲ್ಲ ಕಡೆ ಒಂದನ್ನೇ ಮುಂದೆ ತೋರಿಸುತ್ತದೆ. ಇನ್ನೊಂದನ್ನು ನಾವೇ ಕೇಳಿ ತೆಗೆಯಬೇಕು. ಮೊದಮೊದಲು ನಾನು 'ಚಾಲಿ ಬಾಕಿ: 15' ಎಂದು ಒಂದೇ ದಾಖಲೆ ಇಟ್ಟು ಪೆಟ್ಟು ತಿಂದೆ. ಆಮೇಲೆ ಹೊಳೆಯಿತು, ಹಳೇ ಖಾತೆ ಪುಸ್ತಕದಲ್ಲಿ ಬಾಕಿಯನ್ನು ಯಾರೂ ಅಳಿಸಿ ಬರೆಯುವುದಿಲ್ಲ ಅಲ್ವಾ? ಬಂದದ್ದು ಒಂದು ಸಾಲು, ಹೋದದ್ದು ಒಂದು ಸಾಲು. ಪ್ರತಿ ತೂಕಕ್ಕೂ ಹೊಸ ದಾಖಲೆ ಮಾಡಿದೆ. ಜಗಳ ಅಲ್ಲಿಗೇ ನಿಂತಿತು. ಬಾಕಿ ಬೇಕಾದಾಗ ಕೂಡಿ ಕಳೆದರಾಯಿತು. ಕಸಾಂಡ್ರಾದಲ್ಲೂ ಹೀಗೇ ಮಾಡಿದ್ದರೆ ಆ 42ರ ರಗಳೆ ಅರ್ಧ ತಪ್ಪುತ್ತಿತ್ತು ಅನ್ನಿ.

ಆದರೆ ಒಂದು ದಿನ ಶಿರಸಿಯಲ್ಲಿದ್ದ ಅದೇ 15 ಚೀಲದಲ್ಲಿ ಶಿರಸಿಯವರು 12, ಕುಮಟಾದವರು 9 ಮಾರಿದರು. ಸಂಜೆ ಲೈನ್ ಬಂದಾಗ ಬಾಕಿ ಮೈನಸ್ 6. ಕೌಚ್‌ನ ತಪ್ಪಲ್ಲ. ಇಬ್ಬರೂ ಬರೆದದ್ದು ನಿಜವೇ.

ಈಗ ತೂಕವೆಲ್ಲ ಕೌಚ್‌ನಲ್ಲಿ, ಮಾರಾಟ ಪೋಸ್ಟ್‌ಗ್ರೆಸ್‌ನಲ್ಲಿ. ಲೈನ್ ಇಲ್ಲದಾಗ ಕುಮಟಾದ ಗುಮಾಸ್ತರು ಸಿಗ್ನಲ್ ಸಿಗುವ ಕಿಟಕಿ ಹತ್ತಿರ ನಿಂತು ಶಿರಸಿಗೆ ಫೋನ್ ಮಾಡುತ್ತಾರೆ. 'ಹ್ಞಾಂ, ಬರೆದುಕೊಂಡೆ' ಎಂದು ಅಲ್ಲಿಂದ ಹೇಳುವವರೆಗೆ ಬಿಲ್ ಹರಿದು ಕೊಡುವುದಿಲ್ಲ.